ರತ್ನಾವತಿ ಸಿಸ್ಟರ್ ಇಟ್ಟ ಚುಕ್ಕಿ

ಕಿಟಕಿಯ ಪಕ್ಕದ ಸೀಟು ಖಾಲಿಯಾದರೂ ತಿರುಮಲ ಕೂರಲಿಲ್ಲ. ಕೂತರೆ ಪಕ್ಕದವನ ಮೊಣಕೈ ಎಡಹೊಟ್ಟೆಗೆ ತಗಲುತ್ತದೆ. ನಿಂತರೆ ಊಟದ ಚೀಲವನ್ನು ಅಡ್ಡ ಹಿಡಿದುಕೊಳ್ಳಬಹುದು. ಒಂದು ವರ್ಷದಿಂದ ಅವನು ಪಶ್ಚಿಮ ಮಾಂಬಲದಿಂದ ಅಣ್ಣಾ ನಗರದವರೆಗೆ ಹೀಗೇ ನಿಂತು ಬರುತ್ತಿದ್ದ. ಅಂಗಿಯ ಕೆಳಗೆ, ಹೊಕ್ಕುಳಿನ ಎಡಕ್ಕೆ, ಅಂಟಿಸಿಕೊಂಡ ಇನ್ನೊಂದು ಚೀಲವಿತ್ತು. ಗುದದ್ವಾರದ ಹತ್ತಿರ ಗಡ್ಡೆ ಬೆಳೆದು, ಡಾಕ್ಟರು ಆ ಭಾಗವನ್ನೇ ತೆಗೆದುಹಾಕಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದಿದ್ದರು. ಬದುಕಿರುವವರೆಗೆ ಮಲ ಬರುವುದು ಇನ್ನು ಅಲ್ಲಿಂದಲೇ. ಆ ಬಾಯಿಗೆ ಸ್ಟೋಮಾ ಎಂದು ಹೆಸರು. ತಾನೇ ಸಿಬ್ಬಂದಿ ಅಧಿಕಾರಿಯಾಗಿದ್ದ ಆಸ್ಪತ್ರೆಯಲ್ಲೇ ಆಪರೇಷನ್ ಆಗಿದ್ದರಿಂದ ಕರುಳಿನದು ಏನೋ ಆಯಿತಂತೆ ಎನ್ನುವಷ್ಟು ಆಫೀಸಿನವರಿಗೆಲ್ಲ ಗೊತ್ತಿತ್ತು. ಚೀಲದ ವಿಷಯ ಮಾತ್ರ ಆಪರೇಷನ್ ಮಾಡಿದ ಡಾಕ್ಟರ್ ಸೀತಾರಾಮ, ರತ್ನಾವತಿ ಸಿಸ್ಟರ್, ಹೆಂಡತಿ ಅನಸೂಯ, ಇಷ್ಟೇ ಜನಕ್ಕೆ ಗೊತ್ತು. ಮಗಳು ಸುಮೇಧಾಗೂ ಗೊತ್ತಿರಬೇಕು. ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ಆಸ್ಪತ್ರೆಯ ಹುದ್ದೆ ಸಮಿತಿ ಸೇರುತ್ತದೆ. ರತ್ನಾವತಿ ಸಿಸ್ಟರಿಗೆ ಸ್ಟೋಮಾ ಸ್ಪೆಷಲಿಸ್ಟ್ ನರ್ಸ್ ಎಂಬ ಪದನಾಮ ಕೊಡಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗಬೇಕು. ಕೊಡದಿದ್ದರೆ ಅವರು ಪುಸ್ತಕದಲ್ಲಿ ಮಾಮೂಲು ಸ್ಟಾಫ್ ನರ್ಸ್; ಸ್ಟಾಫ್ ನರ್ಸ್ ಅಂದಮೇಲೆ ಹೊಸ ನಿಯಮದ ಪ್ರಕಾರ ಆರು ತಿಂಗಳಿಗೊಮ್ಮೆ ವಾರ್ಡು ಬದಲಾಗಲೇಬೇಕು; ಒಂದನೇ ತಾರೀಖಿನಿಂದ ಮೂಳೆ ವಾರ್ಡು. ನೆಲಮಹಡಿಯಲ್ಲಿ ಬಟ್ಟೆ ದಾಸ್ತಾನಿನ ಪಕ್ಕದಲ್ಲಿ ಅವರು ಸ್ಟೋಮಾ ರೋಗಿಗಳನ್ನು ನೋಡುವ ಪುಟ್ಟ ಕೋಣೆಗೆ ಬೀಗ ಬೀಳುತ್ತದೆ. ಸಭೆಯಲ್ಲಿ ಬಾಯಿ ಬಿಡಬೇಕಾದವನು ತಾನು, ಬಿಡುತ್ತೇನೋ ಇಲ್ಲವೋ ಎಂದು ತಿರುಮಲನಿಗೆ ಬಸ್ಸು ಅಮಿಂಜಿಕೆರೆ ದಾಟಿದರೂ ತಿಳಿಯಲಿಲ್ಲ.

ಬೆಳಿಗ್ಗೆ ಅನಸೂಯ ಡಬ್ಬಿ ಕಟ್ಟುತ್ತಾ, “ಏನೂಂದ್ರೆ, ಇವತ್ತು ಮೀಟಿಂಗ್ ಅಲ್ವಾ, ಹುಳಿ ಹಾಕಿಲ್ಲ, ಬರೀ ಮೊಸರನ್ನ” ಎಂದಿದ್ದಳು. ಬೇಳೆ ತಿಂದರೆ ಹೊಟ್ಟೆಯ ಮೇಲಿನ ಬಾಯಿ ಸದ್ದು ಮಾಡುತ್ತದೆ. ಅದಕ್ಕೆ ಹೊತ್ತಿಲ್ಲ ಗೊತ್ತಿಲ್ಲ, ತಡೆದುಕೊಳ್ಳುವ ಸ್ನಾಯುವಿಲ್ಲ. ಸದ್ದು ಬರುವ ಮುನ್ಸೂಚನೆ ಸಿಕ್ಕರೆ ಕೈಕಟ್ಟಿ ಕೂತವರಂತೆ ಕೂತು ಎಡಮುಂಗೈಯಿಂದ ಮೆಲ್ಲಗೆ ಒತ್ತಿಹಿಡಿಯಬೇಕೆಂದು ಸಿಸ್ಟರ್ ಕಲಿಸಿಕೊಟ್ಟಿದ್ದರು. ಆಫೀಸಿನಲ್ಲಿ ಈಗ ಅವನಿಗೆ ಯಾವಾಗಲೂ ಕೈಕಟ್ಟಿಕೊಂಡು ಕೂರುವ ಬಿಗುಮಾನದ ಮನುಷ್ಯ ಎಂದು ಹೆಸರು ಬಂದಿತ್ತು. ಬರಲಿ ಬಿಡು, ಎಂದುಕೊಂಡಿದ್ದ. ಮೊದಲೂ ಅವನು ಅಷ್ಟೇನೂ ಸಲೀಸಿನ ಆಸಾಮಿಯಾಗಿರಲಿಲ್ಲ. ಎರಡು ವರ್ಷದ ಹಿಂದೆ, ಮೈಯಲ್ಲಿ ಏನೂ ಇಲ್ಲದಿದ್ದಾಗ, ಇದೇ ಸಿಸ್ಟರ್ ಇದೇ ಪದನಾಮ ಕೇಳಿ ಅರ್ಜಿ ಕೊಟ್ಟಿದ್ದರು. ಮುಂಬಯಿಗೆ ಹೋಗಿ, ಸ್ವಂತ ರಜೆ ಹಾಕಿ, ಆ ಕೋರ್ಸು ಮಾಡಿ ಬಂದಿದ್ದರು. ತಿರುಮಲ ಮೇಲಿನ ಸಾಲು ನೋಡಿ, ಊಟದ ಗಂಟೆಗೆ ಮುಂಚೆ ಫೈಲು ಮುಗಿಸುವ ಆತುರದಲ್ಲಿ, ಅಂಚಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ: ಚೀಲ ಬದಲಾಯಿಸುವುದು ಎಲ್ಲ ದಾದಿಯರ ಮಾಮೂಲು ಕೆಲಸ, ಇದಕ್ಕೆ ಪ್ರತ್ಯೇಕ ಹೆಸರಿನ ಅಗತ್ಯ ಕಾಣುವುದಿಲ್ಲ. ಬರೆದು, ಸಹಿ ಹಾಕಿ, ಇಂಗ್ಲಿಷ್ ಚೆನ್ನಾಗಿ ಬಂತು ಎಂದು ಒಂದು ಕ್ಷಣ ಸಂತೋಷಪಟ್ಟಿದ್ದು ಕೂಡ ನೆನಪಿದೆ. ಆ ಸಂತೋಷ ನೆನಪಾದಾಗಲೆಲ್ಲ ಅವನಿಗೆ ಕಿವಿ ಬಿಸಿಯಾಗುತ್ತದೆ. ಆಪರೇಷನ್ನಿನ ಹಿಂದಿನ ದಿನ ವಿಶೇಷ ಕೋಣೆಯ ಬಾಗಿಲು ತಟ್ಟಿ ಒಳಗೆ ಬಂದವರು ಯಾರೆಂದು ನೋಡಿದಾಗ ಅವನು ಮೊದಲು ಮಾಡಿದ ಕೆಲಸ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡದ್ದು.

ರತ್ನಾವತಿ ಸಿಸ್ಟರ್ ಅದನ್ನು ಗಮನಿಸಲಿಲ್ಲವೋ, ಗಮನಿಸಿ ಬಿಟ್ಟರೋ. ನಲವತ್ತೈದರ ಕುಳ್ಳು ಹೆಂಗಸು, ಕತ್ತಿನಲ್ಲಿ ತೆಳ್ಳನೆಯ ಶಿಲುಬೆ, ಕೈಯಲ್ಲಿ ಒಂದು ಪೆನ್ನು, ಒಂದು ಹತ್ತಿಯುಂಡೆ, ಅಷ್ಟೇ. “ನಾನು ಕೋಲಾರದ ಕಡೆಯೋಳು ಸಾರ್, ಕೆ.ಜಿ.ಎಫ್. ಕನ್ನಡದಲ್ಲೇ ಮಾತಾಡಬಹುದು” ಎಂದರು. ತಿರುಮಲ ಆ ಅರ್ಜಿಯ ವಿಷಯ ಎತ್ತುತ್ತಾರೆಂದು ಕಾದ. ಅವರು ಎತ್ತಿದ್ದು ಅಂಗಿಯನ್ನು. ಮಲಗಿಸಿದರು, ಕೂರಿಸಿದರು, ನಿಲ್ಲಿಸಿದರು, ಕೆಮ್ಮಿಸಿದರು; ಮಲಗಿದವನ ತಲೆಯನ್ನಷ್ಟೇ ಎತ್ತಲು ಹೇಳಿ ಹೊಟ್ಟೆಯ ಮೇಲೆ ಮೂರು ಬೆರಳಿಟ್ಟು ಒಳಗಿನ ಸ್ನಾಯುವಿನ ಅಂಚನ್ನು ಹುಡುಕಿದರು. “ಮನೇಲಿ ಏನು ಉಡ್ತೀರಿ ಸಾರ್? ಪಂಚೆಯಾ? ತರಿಸಿ, ಉಟ್ಟು ತೋರಿಸಿ.” ಅನಸೂಯ ಪಂಚೆ ಕೊಟ್ಟು ಹೊರಗೆ ಹೋದಳು. ಉಟ್ಟ. “ಪೂಜೆಗೆ ಹೆಂಗೆ ಕೂರ್ತೀರಿ? ಹಂಗೇ ಕೂತ್ಕೊಳಿ. ಬಗ್ಗಿ ನಮಸ್ಕಾರ ಹೆಂಗೆ ಮಾಡ್ತೀರಿ?” ಆಸ್ಪತ್ರೆಯ ನೆಲದ ಮೇಲೆ, ತಾನು ಅರ್ಜಿ ತಿರಸ್ಕರಿಸಿದ ಹೆಂಗಸಿನ ಕಾಲಿನ ಹತ್ತಿರ, ಅವನು ಸಾಷ್ಟಾಂಗ ಮಾಡಿ ತೋರಿಸಬೇಕಾಯಿತು. ಅವಮಾನದಿಂದ ಅವನಿಗೆ ಅಳು ಬರುವಂತಾಯಿತು, ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದೂ ಅನ್ನಿಸಿತು. ತಲೆಯೆತ್ತಿ ನೋಡಿದರೆ ಅವರು ಅವನ ಪಕ್ಕದಲ್ಲೇ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವ ಹಾಗೆ ಬಗ್ಗಿ, ಅವನ ಹೊಟ್ಟೆ ನೆಲಕ್ಕೆ ಎಲ್ಲಿ ಒತ್ತುತ್ತದೆ ಎಂದು ನೋಡುತ್ತಿದ್ದರು.

ಒಂದು ಚುಕ್ಕಿ ಇಟ್ಟರು. ಅಳಿಸಿದರು. ಇನ್ನೊಂದು ಕಡೆ ಇಟ್ಟರು. ಕೂರಿಸಿ ನೋಡಿ ಅದನ್ನೂ ಅಳಿಸಿದರು. ಕೆಳಗೆ ಹಳೆಯ ಹರ್ನಿಯಾದ ಹೊಲಿಗೆಯ ಗಾಯ, ಅಲ್ಲಿ ಚೀಲ ಅಂಟುವುದಿಲ್ಲ. ಮೇಲಕ್ಕೆ ಬೆರಳು ಸರಿಸುತ್ತಾ ಹೋದವರು ನಿಂತರು. ಸ್ನಾನ ಮಾಡಿ ಹಚ್ಚಿಕೊಂಡ ಗೋಪೀಚಂದನ ಅಲ್ಲಿ ಮಾಸಲಾಗಿ ಉಳಿದಿತ್ತು. ಹಣೆಗೆ ಕೇಶವ, ಎದೆಗೆ ಮಾಧವ ಎನ್ನುತ್ತಾ ಮೈಮೇಲೆ ಹನ್ನೆರಡು ಕಡೆ ನಾಮ ಹಚ್ಚುವುದು ಅವನ ಮನೆತನದ ಪದ್ಧತಿ. ಎಡಹೊಟ್ಟೆಯ ಮೇಲಿನದು ವಾಮನ. ಗಡ್ಡೆಯೆಂದು ತಿಳಿದ ದಿನದಿಂದ ಅವನ ತಲೆಯಲ್ಲಿದ್ದದ್ದು ಸಾವಲ್ಲ, ಇದು. ಮಲ ಬರುವ ಬಾಯಿಯನ್ನು ಇಟ್ಟುಕೊಂಡು ಮಡಿಯೆಲ್ಲಿ, ಪೂಜೆಯೆಲ್ಲಿ, ವಾಮನನ ಜಾಗದಲ್ಲೇ ಅದು ಬಂದರೆ ಇನ್ನೇನು ಉಳಿಯಿತು. ಯಾರನ್ನೂ ಕೇಳಿರಲಿಲ್ಲ. ಮಠದವರನ್ನು ಕೇಳಲು ನಾಚಿಕೆ, ಡಾಕ್ಟರನ್ನು ಕೇಳಿದರೆ ನಗುತ್ತಾರೆ, ಅನಸೂಯಳನ್ನು ಕೇಳಿದರೆ ಅಳುತ್ತಾಳೆ. “ಇದು ದಿನಾ ಹಚ್ಚೋದಾ ಸಾರ್, ಇಲ್ಲೇನಾ?” ಎಂದು ಸಿಸ್ಟರ್ ಕೇಳಿದರು. ಹೂಂ ಎಂದ. ಅವರು ಬೆರಳುಗಳಿಂದ ಅಳೆದು, “ಚೀಲದ ಅಂಟು ನಾಲ್ಕು ಬೆರಳಗಲ ಬೇಕು. ಚಂದನದ ಪುಡಿ ಇದ್ರೆ ಅಂಟು ಹಿಡಿಯಲ್ಲ. ಒಂದು ಕೆಲಸ ಮಾಡೋಣ. ಪಂಚೆ ಎರಡು ಬೆರಳು ಕೆಳಗೆ ಉಡ್ತೀರಾ? ಆ ನಾಮ ಎರಡು ಬೆರಳು ಮೇಲೆ ಇಡ್ತೀರಾ? ಆಗ ನಂಗೂ ಜಾಗ ಸಿಗುತ್ತೆ, ನಿಮ್ಮ ದೇವರಿಗೂ ಜಾಗ ಇರುತ್ತೆ” ಎಂದರು. ಶಾಸ್ತ್ರ ಹೇಳಲಿಲ್ಲ, ಸಮಾಧಾನ ಹೇಳಲಿಲ್ಲ. ಆ ಕಡೆ ಈ ಕಡೆ ಎರಡೆರಡು ಬೆರಳು ಬಿಡಿಸಿಕೊಟ್ಟರು. ತಿರುಮಲನಿಗೆ ಮೈ ಜುಂ ಎಂದಿತು. ಐವತ್ತೆರಡು ವರ್ಷದ ತನ್ನ ಹೊಟ್ಟೆಯನ್ನು, ಅದರ ಮೇಲೆ ತಾನು ಬದುಕಿದ ರೀತಿಯನ್ನು, ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ, ತಾನೂ ನೋಡಿಕೊಂಡಿರಲಿಲ್ಲ. ಇದು ಚೀಲ ಬದಲಾಯಿಸುವ ಕೆಲಸವಲ್ಲ, ಇದಕ್ಕೆ ಹೆಸರೇನು ಎಂದು ಅವನಿಗೆ ಗೊತ್ತಾಗಲಿಲ್ಲ. ಹೆಸರು ಬೇಡ ಎಂದು ಬರೆದವನು ತಾನೇ ಎಂದು ಗೊತ್ತಿತ್ತು.

ಮರುದಿನ ಬೆಳಿಗ್ಗೆ ಡಾಕ್ಟರ್ ಸೀತಾರಾಮ ಬಂದರು. ಆರಡಿ ಎತ್ತರ, ಹಿಂದೆ ಐದಾರು ಜನ ಕಿರಿಯ ಡಾಕ್ಟರುಗಳು, ಅವರನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಊರಿನ ದೊಡ್ಡವರೆಲ್ಲ ತಮ್ಮ ಹೊಟ್ಟೆಗಳನ್ನು ಅವರ ಕೈಗೆ ಒಪ್ಪಿಸುತ್ತಿದ್ದರು. ಅವರು ಬಟ್ಟೆ ಸರಿಸಿ ಚುಕ್ಕಿ ನೋಡಿ, “ಸಿಸ್ಟರ್ ಇಟ್ಟಿದ್ದಾ? ಸರಿ” ಎಂದು ಹೊರಟೇಬಿಟ್ಟರು. ಅಳೆಯಲಿಲ್ಲ, ಮುಟ್ಟಲೂ ಇಲ್ಲ. ಎಚ್ಚರವಾದ ಮೇಲೆ, ಎರಡನೆಯ ದಿನ, ಧೈರ್ಯ ಮಾಡಿ ತಿರುಮಲ ತಲೆಯೆತ್ತಿ ನೋಡಿಕೊಂಡ. ಚುಕ್ಕಿಯಿದ್ದ ಜಾಗದಲ್ಲಿ, ಕೂದಲೆಳೆ ಆಚೀಚೆಯಿಲ್ಲದೆ, ಕೆಂಪಗೆ, ಒದ್ದೆಯಾಗಿ, ಅದು ಇತ್ತು. “ಹಿಂಗೇ ಕೆಂಪಗಿರ್ಬೇಕು ಸಾರ್, ಬಾಯೊಳಗಿದ್ದಂಗೆ. ಕಪ್ಪಾದ್ರೆ ಮಾತ್ರ ನಂಗೆ ಹೇಳಿ ಕಳಿಸಿ” ಎಂದರು ಸಿಸ್ಟರ್. ಅಸಹ್ಯಪಡಬೇಕೆಂದು ಸಿದ್ಧನಾಗಿದ್ದವನಿಗೆ ಅಸಹ್ಯ ಬರಲಿಲ್ಲ. ಅಷ್ಟು ದೊಡ್ಡ ಡಾಕ್ಟರ ಕತ್ತಿ ಈ ಹೆಂಗಸಿನ ಪೆನ್ನು ಹೇಳಿದಲ್ಲಿಗೆ ಹೋಗಿ ನಿಂತಿದೆ ಎಂಬ ಬೆರಗೇ ಅವನ ಮನಸ್ಸನ್ನು ತುಂಬಿತ್ತು. ಆಸ್ಪತ್ರೆಯ ಪ್ರತಿಯೊಬ್ಬ ನೌಕರನ ಹುದ್ದೆ, ದರ್ಜೆ, ಯಾರು ಯಾರಿಗೆ ವರದಿ ಒಪ್ಪಿಸಬೇಕು, ಎಲ್ಲ ಅವನಿಗೆ ಬಾಯಿಪಾಠ. ಇದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಕೆಲಸಕ್ಕೆ ಮರಳಿದ ಮೇಲೆ ತನ್ನ ಷರಾ ಇದ್ದ ಫೈಲನ್ನು ಮತ್ತೆ ತೆರೆಯಬೇಕೆಂದು ದಿನವೂ ಅಂದುಕೊಂಡ. ತೆರೆದರೆ ಏಕೆ ಮನಸ್ಸು ಬದಲಾಯಿತು ಎಂದು ಕೇಳುತ್ತಾರೆ. ಒಂದು ವರ್ಷ ಹೀಗೇ ಹೋಯಿತು. ಕಡೆಗೆ ಸಿಸ್ಟರೇ ಹೊಸದಾಗಿ ಅರ್ಜಿ ಕೊಟ್ಟಿದ್ದರು.

ಸಭೆಯ ಮೇಜಿನ ತಲೆಯಲ್ಲಿ ಡಾಕ್ಟರ್ ಸೀತಾರಾಮ ಕೂತಿದ್ದರು. ತಿರುಮಲನ ಜೊತೆ ಒಬ್ಬರೇ ಇದ್ದಾಗ ಕನ್ನಡ, ನಾಲ್ಕು ಜನರೆದುರು ಇಂಗ್ಲಿಷ್, ಇದು ಅವರ ಪದ್ಧತಿ. ಒಂದು ಕಡೆ ಹಣಕಾಸಿನ ನಾಗರಾಜ, ಇನ್ನೊಂದು ಕಡೆ ದಾದಿಯರ ಮುಖ್ಯಸ್ಥೆ ಮೇಟ್ರನ್ ಬೇಬಿ. ಬೇಬಿಯವರಿಗೆ ಐವತ್ತೇಳು, ಮೂವತ್ತಮೂರು ವರ್ಷದ ದುಡಿಮೆಯಲ್ಲಿ ಯಾರೂ ತನಗೆ ಯಾವ ವಿಶೇಷ ಹೆಸರನ್ನೂ ಕೊಡಲಿಲ್ಲ ಎಂಬುದು ಅವರ ದನಿಯಲ್ಲೇ ಇತ್ತು. “ಇವಳಿಗೆ ಕೊಟ್ಟರೆ ನಾಳೆ ಡಯಾಲಿಸಿಸ್ ಸಿಸ್ಟರ್ ಬರ್ತಾಳೆ, ನಾಳಿದ್ದು ಸಕ್ಕರೆ ಕಾಯಿಲೆಯ ಕಾಲು ನೋಡುವವಳು ಬರ್ತಾಳೆ. ಆಮೇಲೆ ವಾರ್ಡಿನಲ್ಲಿ ಬರೀ ನರ್ಸ್ ಅಂತ ಯಾರು ಉಳೀತಾರೆ?” ಎಂದರು. ನಾಗರಾಜ ನಕ್ಕು, ಆ ಚೀಲ ಕಟ್ಟುವುದನ್ನು ಒಂದು ವಾರದಲ್ಲಿ ಆಯಾಗೂ ಕಲಿಸಬಹುದು, ಅದರಲ್ಲಿ ಸ್ಪೆಷಲ್ ಏನಿದೆ, ಸಿಬ್ಬಂದಿ ವಿಭಾಗವೇ ಹಿಂದೆ ಸರಿಯಾಗಿ ಬರೆದಿದೆಯಲ್ಲ ಎಂದು ಫೈಲು ತಿರುಗಿಸಿ ತಿರುಮಲನ ಎರಡು ಸಾಲನ್ನು ಗಟ್ಟಿಯಾಗಿ ಓದಿದ. ಓದುವಾಗಲೂ ಅದು ಒಳ್ಳೆಯ ಇಂಗ್ಲಿಷೇ ಆಗಿತ್ತು. ತಿರುಮಲ ಕೈಕಟ್ಟಿಕೊಂಡ. ಹೇಳದೆಯೂ ಆಗಬಹುದಲ್ಲ, ಇನ್ನೊಂದು ವರದಿ ತರಿಸೋಣ ಎಂದರಾಯಿತಲ್ಲ ಎಂದು ಮನಸ್ಸು ಕಳ್ಳದಾರಿ ಹುಡುಕಿತು. ಅಷ್ಟರಲ್ಲಿ ಒಳಗೆ ಗಾಳಿ ಸರಿದದ್ದು ಗೊತ್ತಾಯಿತು. ಮುಂಗೈ ಒತ್ತಬೇಕು. ಕೈ ಅಲ್ಲೇ ಇದೆ, ಒತ್ತಿದರೆ ಸಾಕು. ಅವನು ಕೈ ಬಿಡಿಸಿ ಮೇಜಿನ ಮೇಲಿಟ್ಟ.

ಸದ್ದು ಉದ್ದಕ್ಕೆ ಬಂತು. ಮರ್ಯಾದಸ್ಥರ ಸಭೆ, ಎಲ್ಲರೂ ಫೈಲು ನೋಡಿದರು. ನಾಗರಾಜ ಕುರ್ಚಿ ಸರಿಸಿ ಅದೇ ಕುರ್ಚಿಯ ಸದ್ದೇನೋ ಎಂಬ ಹಾಗೆ ನಟಿಸಿದ. ಆ ಸಣ್ಣ ದಯೆಗೆ ತಿರುಮಲನಿಗೆ ಅವನ ಮೇಲೆ ಮೊದಲ ಬಾರಿ ಪ್ರೀತಿ ಹುಟ್ಟಿತು. “ಕುರ್ಚಿ ಅಲ್ಲ, ನಾನು” ಎಂದ. ಇಂಗ್ಲಿಷ್ ಕೈಕೊಟ್ಟಿತ್ತು, ತಮಿಳಿನಲ್ಲೇ ಹೇಳಿದ. “ನನ್ನ ಹೊಟ್ಟೆಯ ಮೇಲೆ ಆ ಚೀಲ ಇದೆ. ಹದಿನಾಲ್ಕು ತಿಂಗಳಿಂದ ಇದೆ. ನಾಗರಾಜ್, ಪ್ರತಿ ಸೋಮವಾರ ನಿಮ್ಮ ಪಕ್ಕದಲ್ಲೇ ಕೂತು ಊಟ ಮಾಡಿದ್ದೇನೆ. ನಿಮಗೆ ವಾಸನೆ ಬಂತೇ? ಗೊತ್ತಾಯಿತೇ? ಗೊತ್ತಾಗಲಿಲ್ಲ ಅಲ್ಲವೇ, ಆ ಸಿಸ್ಟರ್ ಮಾಡುವ ಕೆಲಸ ಅಂದರೆ ಅದು. ಅವರು ನನ್ನನ್ನು ನಲವತ್ತು ನಿಮಿಷ ಕೂರಿಸಿ ಏಳಿಸಿ ಜಾಗ ಹುಡುಕಿದರು. ಆಮೇಲೆ ಡಾಕ್ಟರು ಕತ್ತರಿಸಿದರು. ಆ ಎರಡು ಸಾಲು ಬರೆದಾಗ ನನಗೆ ಏನೂ ಗೊತ್ತಿರಲಿಲ್ಲ. ಅದನ್ನು ಹೊಡೆದುಹಾಕಬೇಕು.” ಮೇಟ್ರನ್ ಬೇಬಿ ಅವನ ಹೊಟ್ಟೆಯನ್ನಲ್ಲ, ಮುಖವನ್ನು ನೋಡುತ್ತಿದ್ದರು. “ಡಯಾಲಿಸಿಸ್ ಸಿಸ್ಟರೂ ಕೇಳಲಿ ಬಿಡಿ” ಎಂದು ಅವರೇ ಮೆಲ್ಲಗೆ ಅಂದರು. ಡಾಕ್ಟರು ಪೆನ್ನು ತೆಗೆದು, ಪದನಾಮ ಕೊಡಬಹುದು, ವಾರ್ಡು ಬದಲಾವಣೆ ಬೇಡ, ಆದೇಶ ತಯಾರು ಮಾಡಿ ಎಂದು ಹೇಳಿ ಎದ್ದರು.

ಮೆಟ್ಟಿಲಿಳಿಯುವಾಗ ತಿರುಮಲ ಮೈ ಹಗುರಾಗಿ ಹುಡುಗನಂತಾಗಿದ್ದ. ಋಣ ತೀರಿತು, ಹೋಗಿ ಹೇಳಬೇಕು, ಅವರ ಮುಖ ನೋಡಬೇಕು. ಬಟ್ಟೆ ದಾಸ್ತಾನಿನ ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಸೌಕಾರ್‌ಪೇಟೆಯಿಂದ ಬಂದ ಭೀಮಾಬಾಯಿ ಎಂಬ ಮುದುಕಿ ಕಚ್ಚೆಸೀರೆ ಉಟ್ಟು ನಿಂತಿದ್ದರು; ನಾಳೆ ಅವರ ಆಪರೇಷನ್. ಸಿಸ್ಟರ್ ಅವರ ಹೊಟ್ಟೆಯ ಮುಂದೆ ಮಂಡಿಯೂರಿ ಕೂತು, ಸೀರೆಯ ಗಂಟು ಎಲ್ಲಿ ಬೀಳುತ್ತದೆ ಎಂದು ನೋಡುತ್ತಿದ್ದರು. “ಸ್ವಲ್ಪ ಹೊರಗಿರಿ ಸಾರ್” ಎಂದರು ತಿರುಗದೆಯೇ. ಬೆಂಚಿನ ಮೇಲೆ ಕೂತು ಬಾಗಿಲಿನ ಸಂದಿನಿಂದ ಅವರ ಬೆನ್ನನ್ನು ನೋಡಿದ. ಮುದುಕಿಯನ್ನು ಕೂರಿಸಿದರು, ಏಳಿಸಿದರು, ಬಿಂದಿಗೆ ಸೊಂಟಕ್ಕೆ ಇಟ್ಟುಕೊಳ್ಳುವ ಹಾಗೆ ನಿಲ್ಲಿಸಿದರು, ಯಾವ ಸೊಂಟ ಎಂದು ಕೇಳಿದರು. ಒಂದು ಘಳಿಗೆ ಕಣ್ಣು ಮುಚ್ಚಿ ಬರೀ ಅಂಗೈಯಿಟ್ಟುಕೊಂಡು ಸುಮ್ಮನಿದ್ದರು. ಆಮೇಲೆ ಪೆನ್ನು ತೆಗೆದುಕೊಂಡರು. ತಿರುಮಲ ಗೊತ್ತಿಲ್ಲದೆಯೇ ಎದ್ದು ನಿಂತಿದ್ದ. ಗರ್ಭಗುಡಿಯ ಮುಂದೆಯೂ ಅವನು ಅಷ್ಟು ಮನಸ್ಸಿಟ್ಟು ನಿಂತದ್ದಿಲ್ಲ.

ಮುದುಕಿ ಹೋದ ಮೇಲೆ ಸುದ್ದಿ ಹೇಳಿದ. “ಹೌದಾ ಸಾರ್. ಸಂತೋಷ. ನೀವು ಮೇಲೆ ಏನು ಹೇಳಿದ್ರಿ ಅಂತ ಆಗ್ಲೇ ಗೊತ್ತಾಯ್ತು, ಮೇಟ್ರನ್ ಫೋನ್ ಮಾಡಿದ್ರು” ಎಂದು ಸಿಸ್ಟರ್ ಕೈ ತೊಳೆದರು. ಅವನ ಕಡೆ ತಿರುಗಿದಾಗ ಕಣ್ಣು ಒದ್ದೆಯಾಗಿತ್ತು. ಒರೆಸಿಕೊಂಡು, “ಮೂರನೇ ಪುಟದ್ದೂ ಆಯ್ತಾ ಸಾರ್?” ಎಂದರು. ಯಾವ ಮೂರನೇ ಪುಟ? ಅವರು ಡ್ರಾಯರಿನಿಂದ ಅರ್ಜಿಯ ನಕಲು ತೆಗೆದುಕೊಟ್ಟರು. ಎರಡು ವರ್ಷದ ಹಿಂದಿನದು, ಹೊಸದು, ಎರಡರಲ್ಲೂ ಮೂರು ಪುಟ. ಮೊದಲ ಪುಟದಲ್ಲಿ ಪದನಾಮ. ಮೂರನೆಯದರಲ್ಲಿ ಒಂದೇ ಕೋರಿಕೆ: ಸ್ಟೋಮಾ ನರ್ಸ್ ಚುಕ್ಕಿ ಇಡದೆ ಯಾವ ಸರ್ಜನ್ನೂ ಸ್ಟೋಮಾಗೆ ಕತ್ತಿ ಹಾಕಬಾರದೆಂದು ನಿಯಮ ಮಾಡಬೇಕು. ತಿರುಮಲ ಎರಡು ಸಲವೂ ಮೊದಲ ಪುಟ ದಾಟಿರಲಿಲ್ಲ. ಈ ಸಲ ಇಷ್ಟೆಲ್ಲ ಧೈರ್ಯ ಕೂಡಿಸಿಕೊಂಡು ಬಂದಾಗಲೂ ದಾಟಿರಲಿಲ್ಲ.

“ಸೀತಾರಾಮ ಡಾಕ್ಟ್ರು ನನ್ನ ಚುಕ್ಕಿ ಕೇಳ್ತಾರೆ, ಸರಿ. ಬೇರೆಯವ್ರು ಕೇಳಲ್ಲ ಸಾರ್. ಬಾಬು ಅಂತ ಒಬ್ಬ, ಆಟೋ ಓಡಿಸ್ತಾ ಇದ್ದ. ನಾನು ಕೆಳಗೆ ಇದೇ ರೂಮಲ್ಲಿ ಕೂತಿದ್ದೆ, ಮೇಲೆ ಥಿಯೇಟರಲ್ಲಿ ಅವಸರ ಅಂತ ಮಾಡಿಬಿಟ್ರು. ಹೊಟ್ಟೆ ಮಡಿಸೋ ಜಾಗದಲ್ಲಿ ಇಟ್ಟಿದ್ರು. ಕೂತ್ರೆ ಚೀಲ ಕಿತ್ಕೊಂಡು ಬರುತ್ತೆ. ಆಟೋ ಓಡಿಸೋನು ಕೂರದೆ ಏನ್ಮಾಡ್ತಾನೆ? ಸೀಟೆಲ್ಲ ಗಲೀಜಾಗಿ, ಸ್ಟ್ಯಾಂಡಲ್ಲಿ ಸೇರಿಸ್ಲಿಲ್ಲ. ವಾರಕ್ಕೆ ಮೂರು ಸಲ ನನ್ನ ಹತ್ರ ಬಂದು ಅಳ್ತಿದ್ದ. ಈಗ ಬರಲ್ಲ, ಎಲ್ಲಿದಾನೋ ಗೊತ್ತಿಲ್ಲ.” ದನಿ ಏರಿಸಲಿಲ್ಲ. “ಹೆಸರು ಕೊಟ್ರಿ, ದೊಡ್ಡದು ಸಾರ್, ನಮ್ಮಮ್ಮ ಇದ್ದಿದ್ರೆ ಕುಣೀತಿದ್ರು. ಆದ್ರೆ ಹೆಸರು ಇಟ್ಕೊಂಡು ನಾನು ಇನ್ನೊಬ್ಬ ಬಾಬುಗೆ ಏನು ಹೇಳ್ಲಿ?” ಆ ಬಾಬುವಿನ ಅವಸರದ ದಿನ ತನ್ನ ಷರಾ ಆದಮೇಲೆ ಬಂತೋ ಮೊದಲೋ ಎಂದು ಕೇಳಲು ತಿರುಮಲನಿಗೆ ಧೈರ್ಯವಾಗಲಿಲ್ಲ. ಅವರ ಮುಖ ನೋಡಿದರೆ ಉತ್ತರ ಗೊತ್ತಾಗುವಂತಿತ್ತು. ಆ ಪುಟವನ್ನು ತೆಗೆದುಕೊಂಡು ಹೋಗಿ, ಬಾಗಿಲು ಹಾಕಿ, ಆದೇಶವನ್ನು ತಾನೇ ಟೈಪು ಮಾಡಿದ. ಚುಕ್ಕಿಯ ನಿಯಮ ಮೊದಲ ಸಾಲಿಗೆ ಬಂತು, ಪದನಾಮ ಎರಡನೆಯ ಸಾಲಿಗೆ ಹೋಯಿತು.

ಡಾಕ್ಟರ್ ಸೀತಾರಾಮ ತಮ್ಮ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಕಾಗದವನ್ನು ಒಮ್ಮೆ ಓದಿದರು, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದರು.

“ಏನ್ರೀ ತಿರುಮಲರಾವ್, ಮೂವತ್ತು ವರ್ಷದಿಂದ ಹೊಟ್ಟೆ ಕೊಯ್ತಾ ಇದೀನಿ. ನನ್ನ ಕೈ ಕಟ್ಟಿ ಹಾಕ್ತೀರಾ?”

“ನೀವು ಹೇಗೂ ಅವರ ಚುಕ್ಕಿ ಬಿಟ್ಟು ಹೋಗೋರಲ್ಲ ಡಾಕ್ಟ್ರೇ. ನೀವು ಮಾಡ್ತಿರೋದನ್ನೇ ಬರೆದಿದೀನಿ, ಬೇರೆಯವರಿಗೆ.”

“ಎಮರ್ಜೆನ್ಸಿ ಬಂದ್ರೆ?”

“ಸಿಸ್ಟರ್ ಮನೆ ಪಲ್ಲಾವರಂನಲ್ಲಿ. ಫೋನ್ ಮಾಡಿದ್ರೆ ಯಾವ ಹೊತ್ತಾದ್ರೂ ಬರ್ತಾರಂತೆ. ಕಾಯೋಕಾಗದೇ ಇದ್ರೆ ಯಾಕೆ ಕಾಯಲಿಲ್ಲ ಅಂತ ಸರ್ಜನ್ ಬರೆದು ಸಹಿ ಹಾಕಬೇಕು. ಅದೂ ಕೆಳಗೆ ಇದೆ.”

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಆದರೆ ಬರೆಯಲಿಲ್ಲ. ಮಿಕ್ಕ ಸರ್ಜನ್ನುಗಳ ಮುಖಗಳು ಅವರ ಕಣ್ಣ ಮುಂದೆ ಒಂದೊಂದಾಗಿ ಬಂದುಹೋಗುತ್ತಿರಬೇಕು. ಅವರು ತಲೆಯೆತ್ತಿ ತಿರುಮಲನ ಅಂಗಿಯ ಎಡಭಾಗವನ್ನು, ಮಾಡಿಟ್ಟ ಕೆಲಸವನ್ನು ಕುಶಲಿಗ ನೋಡುವ ಹಾಗೆ ನೋಡಿದರು. “ಅದಿರ್ಲಿ, ನಿಮ್ಮದು ಹೇಗಿದೆ? ನಾನು ಮಾಡಿದ್ದು ಚೆನ್ನಾಗಿ ಕೂತಿದೆಯಾ?” ಪ್ರತಿ ತಪಾಸಣೆಯಲ್ಲೂ ಅವರು ಇದನ್ನು ಕೇಳುತ್ತಿದ್ದರು, ಪ್ರತಿ ಸಲವೂ ತಿರುಮಲ ಕೈಮುಗಿದು, ಎಲ್ಲ ನಿಮ್ಮ ಕೈಗುಣ ಡಾಕ್ಟ್ರೇ ಎನ್ನುತ್ತಿದ್ದ. ಈಗಲೂ ಹಾಗೆ ಅಂದರೆ ಸಹಿ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಜೀವ ಉಳಿಸಿದ ಮನುಷ್ಯ, ಅಂದರೆ ಸುಳ್ಳೂ ಅಲ್ಲ.

“ಜಾಗ ಚೆನ್ನಾಗಿದೆ, ಡಾಕ್ಟ್ರೇ” ಎಂದ.

ಆ ಜಾಗ ಗುರುತಿಸಿದ್ದು ಯಾರ ಪೆನ್ನೆಂದು ಡಾಕ್ಟರಿಗೆ ಗೊತ್ತಿತ್ತು. ಅವರು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಸಹಿ ಹಾಕಿದರು.